ಇಂಗ್ಲಿಷ್ ಬರವಣಿಗೆಯಲ್ಲಿ ಲೇಖನ ಚಿಹ್ನೆಗಳೂ ವಾಕ್ಯವೃಂದವೂ

ಇಂಗ್ಲಿಷ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಶಬ್ದಗಳ ಕಷ್ಟ. ಅನಂತರ ಕಾಗುಣಿತದ ಕಷ್ಟ. ಅದಾದ ಮೇಲೆ ಕಾಲ ಮತ್ತು ಲಿಂಗ ವಚನಗಳ ಕಷ್ಟ. ಅಲ್ಪವಿರಾಮ, ಪೂರ್ಣವಿರಾಮ ಮುಂತಾದ ಸಣ್ಣ ಗುರುತುಗಳನ್ನು ಯಾರೂ ಕಷ್ಟಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಅವು ಬರೆದು ಮುಗಿಸಿದ ಮೇಲೆ ಊಟದ ಎಲೆಗೆ ಉಪ್ಪು ಬಡಿಸಿದಂತೆ ಅಲ್ಲಲ್ಲಿ ಹಾಕಿಕೊಂಡು ಹೋಗತಕ್ಕ ವಸ್ತುಗಳೆಂಬ ಭಾವನೆ ನಮ್ಮಲ್ಲಿದೆ. ಆದರೆ ಉಪ್ಪಿಲ್ಲದ ಅಡಿಗೆಯನ್ನು ಯಾರೂ ಉಣ್ಣಲಾರರು. ಅತಿಯಾದ ಉಪ್ಪಿನದನ್ನೂ ಉಣ್ಣಲಾರರು.

ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಸುತ್ತಣ ಹಳ್ಳಿಗಳಿಂದ ಬಂದವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ನಾನೂ ಆ ಗುಂಪಿನವನೇ. ನಮ್ಮ ಗೆಳೆಯರ ಇಂಗ್ಲಿಷ್ ನಿಬಂಧಗಳನ್ನು ಪರೀಕ್ಷೆಗೆ ಮುನ್ನ ಜೊತೆಯಾಗಿ ಕುಳಿತು ಓದುವ ಪದ್ಧತಿಯನ್ನು ನಾವು ಕೆಲವರು ಎರಡು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಹಾಗೆ ಓದುವಾಗ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡುಬಂತು. ಶಬ್ದ ಸರಿ, ಕಾಗುಣಿತ ಸರಿ, ವಿಚಾರವಂತೂ ಉತ್ತಮವಾದದ್ದು. ಆದರೂ ಪುಟ ಅರ್ಥವಾಗುವುದಿಲ್ಲ. ಎಲ್ಲಿ ಒಂದು ಮಾತು ಮುಗಿಯಿತು, ಎಲ್ಲಿ ಮತ್ತೊಂದು ತೊಡಗಿತು ಎಂಬುದೇ ತಿಳಿಯುವುದಿಲ್ಲ. ಇದು ಜಾಣ್ಮೆಯ ಕೊರತೆಯಲ್ಲ. ಕನ್ನಡದ ವಾಕ್ಯ ಒಂದು ಬಗೆಯಲ್ಲಿ ಕಟ್ಟಿದ್ದು, ಇಂಗ್ಲಿಷಿನ ವಾಕ್ಯ ಮತ್ತೊಂದು ಬಗೆಯಲ್ಲಿ ಕಟ್ಟಿದ್ದು. ಒಂದರ ಗುರುತುಗಳನ್ನು ಇನ್ನೊಂದರ ಮೇಲೆ ಇಟ್ಟಾಗ ಈ ತೊಡಕು ಹುಟ್ಟುತ್ತದೆ. ಅದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ. ಅಧ್ಯಾಪಕರಿಗೆ ಇದರಲ್ಲಿ ಹೊಸದೇನೂ ಇರಲಾರದು. ಸಹಪಾಠಿಗಳಿಗೆ ಉಪಯೋಗವಾದರೆ ಶ್ರಮ ಸಾರ್ಥಕ.

ಚಿಹ್ನೆಗಳ ಹುಟ್ಟು

ಚಿಹ್ನೆಗಳಿಲ್ಲದ ಬರವಣಿಗೆ ನಮಗೆ ಅಪರಿಚಿತವಲ್ಲ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಸುಮಾರು ಕ್ರಿ.ಶ. 450ರದೆಂದು ಹೇಳುತ್ತಾರೆ. ಅದರಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಅಕ್ಷರಗಳು ಒಂದರ ಬೆನ್ನಿಗೊಂದು ಸಾಗುತ್ತವೆ. ತಾಳೆಯೋಲೆಯ ಪ್ರತಿಗಳೂ ಹಾಗೆಯೇ. ಪದ್ಯದ ಕೊನೆಯಲ್ಲಿ ಒಂದು ದಂಡವೋ ಎರಡು ದಂಡವೋ ಬಿದ್ದರೆ ಅದೇ ದೊಡ್ಡದು. ಹಳಗನ್ನಡದ ತರಗತಿಯಲ್ಲಿ ನಾವು ಪದಚ್ಛೇದ ಮಾಡಿ, ಅನ್ವಯ ಮಾಡಿ, ಅರ್ಥ ಹೇಳುತ್ತೇವಷ್ಟೆ? ಆ ಕೆಲಸವೇ ಚಿಹ್ನೆಗಳ ಕೆಲಸ. ಅಂದು ಅದನ್ನು ಓದುವವನು ಮಾಡಿಕೊಳ್ಳಬೇಕಾಗಿತ್ತು. ಇಂದು ಬರೆಯುವವನು ಮಾಡಿಕೊಡಬೇಕಾಗಿದೆ. ವ್ಯತ್ಯಾಸ ಇಷ್ಟೇ.

ಗ್ರೀಕರೂ ಹೀಗೆಯೇ ಪದಗಳನ್ನು ಬಿಡಿಸದೆ ಬರೆಯುತ್ತಿದ್ದರು. ಕ್ರಿ.ಪೂ. 200ರ ಸುಮಾರಿನಲ್ಲಿ ಅಲೆಗ್ಸಾಂಡ್ರಿಯದ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ಬಿಜಾಂಟಿಯಮ್ಮಿನ ಅರಿಸ್ಟೊಫನಿಸ್ ಎಂಬ ವಿದ್ವಾಂಸನು ಓದುವವರ ಅನುಕೂಲಕ್ಕಾಗಿ ಮೂರು ಎತ್ತರಗಳಲ್ಲಿ ಚುಕ್ಕೆ ಇಡುವ ಕ್ರಮವನ್ನು ತಂದನು. ಮೇಲ್ಗಡೆಯ ಚುಕ್ಕೆ ಪೂರ್ಣವಾದ ನಿಲುಗಡೆಗೆ. ಮಿಕ್ಕವು ಸಣ್ಣ ನಿಲುಗಡೆಗಳಿಗೆ. ಕಾಮಾ, ಕೋಲನ್, ಪೀರಿಯಡ್ ಎಂಬ ಹೆಸರುಗಳು ಬಂದುದು ಗ್ರೀಕಿನಿಂದಲೇ. ಕಾಮಾ ಎಂದರೆ ಕತ್ತರಿಸಿದ ತುಂಡು. ಕೋಲನ್ ಎಂದರೆ ಅಂಗ. ಪೀರಿಯಡ್ ಎಂದರೆ ಒಂದು ಪೂರ್ಣ ಸುತ್ತು. ಮೊದಲು ಅವು ವಾಕ್ಯದ ಭಾಗಗಳ ಹೆಸರುಗಳಾಗಿದ್ದು, ಆಮೇಲೆ ಚಿಹ್ನೆಗಳ ಹೆಸರುಗಳಾದುವು. ಕಾಮಾ ಎಂದರೆ ತುಂಡು ಎಂಬುದನ್ನು ನೆನಪಿಡುವುದು ಒಳ್ಳೆಯದು, ತುಂಡು ಪೂರ್ಣವಲ್ಲ.

ಪದಗಳ ನಡುವೆ ಜಾಗ ಬಿಡುವ ಪದ್ಧತಿಯನ್ನು ಏಳು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಸಂನ್ಯಾಸಿಗಳು ರೂಢಿಗೆ ತಂದರು. ಲ್ಯಾಟಿನ್ ಅವರ ಮನೆಮಾತಲ್ಲ, ಕಲಿತ ಭಾಷೆ. ಪರಭಾಷೆಯನ್ನು ಓದುವವರಿಗೆ ಪದ ಎಲ್ಲಿ ಒಡೆಯುತ್ತದೆಂದು ತೋರಿಸುವುದು ಅಗತ್ಯವಾಯಿತು. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುತ್ತಿರುವ ನಮಗೆ ಆ ಸಂನ್ಯಾಸಿಗಳು ಹತ್ತಿರದ ನೆಂಟರೆಂದೇ ಹೇಳಬೇಕು. ಮುಂದೆ ಮುದ್ರಣ ಬಂದಾಗ ಚಿಹ್ನೆಗಳಿಗೆ ಸ್ಥಿರವಾದ ರೂಪ ಬಂತು. 1490ರ ದಶಕದಲ್ಲಿ ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನು ಅರ್ಧವಿರಾಮವನ್ನು ಬಳಕೆಗೆ ತಂದನು. ಇಂಗ್ಲೆಂಡಿನಲ್ಲಿ ನಾಟಕಕಾರ ಬೆನ್ ಜಾನ್ಸನ್ ಬರೆದು, ಅವನ ಮರಣಾನಂತರ 1640ರಲ್ಲಿ ಅಚ್ಚಾದ ವ್ಯಾಕರಣದಲ್ಲಿ ಚಿಹ್ನೆಗಳ ವಿಚಾರ ಬಂದಿದೆ. 1795ರಲ್ಲಿ ಹೊರಬಂದ ಲಿಂಡ್ಲಿ ಮರ್ರೆಯ ವ್ಯಾಕರಣ ಒಂದು ಲೆಕ್ಕವನ್ನೇ ಹಾಕಿಕೊಟ್ಟಿತು: ಅಲ್ಪವಿರಾಮಕ್ಕೆ ಒಂದು ಅಳತೆಯ ನಿಲುಗಡೆಯಾದರೆ, ಅರ್ಧವಿರಾಮಕ್ಕೆ ಅದರ ಎರಡರಷ್ಟು, ಕೋಲನ್ನಿಗೆ ಮತ್ತೆ ಅದರ ಎರಡರಷ್ಟು, ಪೂರ್ಣವಿರಾಮಕ್ಕೆ ಅದರ ಎರಡರಷ್ಟು.

ಈ ಲೆಕ್ಕ ಗಟ್ಟಿಯಾಗಿ ಓದುವವರಿಗೆ ಅನುಕೂಲವಾದದ್ದು. ಆದರೆ ಇಂದಿನ ಇಂಗ್ಲಿಷಿನಲ್ಲಿ ಉಸಿರಿಗಿಂತ ವಾಕ್ಯದ ರಚನೆಯೇ ಪ್ರಧಾನ. ಉಸಿರು ನಿಂತಲ್ಲೆಲ್ಲ ಅಲ್ಪವಿರಾಮ ಹಾಕುವವರು ‘ದಿ ಸ್ಟೂಡೆಂಟ್ಸ್ ಆಫ್ ಅವರ್ ಕಾಲೇಜ್, ವೆಂಟ್ ಟು ಹಂಪಿ’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ನಮ್ಮ ಕಾಲೇಜಿನ ವಿದ್ಯಾರ್ಥಿಗಳು, ಹಂಪಿಗೆ ಹೋದರು’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಇಂಗ್ಲಿಷಿನಲ್ಲಿ ಕರ್ತೃವಿಗೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಅಲ್ಪವಿರಾಮ ಬರಕೂಡದು. ಅದು ಗಂಡಹೆಂಡಿರ ನಡುವೆ ಗೋಡೆ ಕಟ್ಟಿದಂತೆ.

ಪೂರ್ಣವಿರಾಮ

ಎಲ್ಲಕ್ಕಿಂತ ಮೊದಲು ಕಲಿಯತಕ್ಕದ್ದು ಪೂರ್ಣವಿರಾಮ. ನಾನು ಕಂಡಂತೆ ನಮ್ಮವರ ಬರವಣಿಗೆಯಲ್ಲಿ ಅರ್ಧದಷ್ಟು ತೊಡಕು ಇದೊಂದರಿಂದಲೇ ಬಂದುದು.

ಕನ್ನಡದಲ್ಲಿ ಪೂರ್ಣಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬಸ್ಸು ಹಿಡಿದು, ಕಾಲೇಜಿಗೆ ಬಂದೆನು’ ಎಂಬಲ್ಲಿ ಎದ್ದು, ಮಾಡಿ, ಹಿಡಿದು ಎಂಬುವು ಕೃದಂತಾವ್ಯಯಗಳು. ಮುಂದಿನ ಕ್ರಿಯೆಯನ್ನು ಕಾಯುತ್ತಿರುವ ಕ್ರಿಯೆಗಳು. ಬಂದೆನು ಎಂಬುದು ಬಂದಾಗ ವಾಕ್ಯ ತಾನಾಗಿಯೇ ಮುಗಿಯುತ್ತದೆ. ಚುಕ್ಕೆ ಇಡದಿದ್ದರೂ ಮುಗಿದದ್ದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುವುದರಿಂದ ವಾಕ್ಯ ಮುಗಿಯಿತೆಂದು ಹೇಳುವ ಪದವೇ ಇಲ್ಲ. ಆ ಕೆಲಸವನ್ನು ಚುಕ್ಕೆಯೇ ಮಾಡಬೇಕು.

ಈಗ ಒಂದು ಚಿಕ್ಕ ವಾಕ್ಯವನ್ನು ನೋಡೋಣ. ‘ಮಳೆ ಬರುತ್ತಿದ್ದು, ಬಸ್ಸು ಬರಲಿಲ್ಲ.’ ಇದನ್ನು ನಮ್ಮವರು ‘ಇಟ್ ವಾಸ್ ರೇನಿಂಗ್, ದಿ ಬಸ್ ಡಿಡ್ ನಾಟ್ ಕಮ್’ ಎಂದು ಬರೆಯುತ್ತಾರೆ. ಕನ್ನಡದ ಅಲ್ಪವಿರಾಮ ಹಾಗೆಯೇ ಉಳಿಯಿತು; ಆದರೆ ‘ಬರುತ್ತಿದ್ದು’ ಎಂಬ ಅಪೂರ್ಣ ಕ್ರಿಯೆ ‘ವಾಸ್ ರೇನಿಂಗ್’ ಎಂಬ ಪೂರ್ಣ ಕ್ರಿಯೆಯಾಗಿಬಿಟ್ಟಿತು. ಈಗ ಇಲ್ಲಿರುವುದು ಒಂದು ವಾಕ್ಯವಲ್ಲ, ಎರಡು. ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೊಲಿಯಲಾಗದು. ಆ ನೂಲು ತೆಳ್ಳಗಿನದು. ಇದನ್ನು ಸರಿಪಡಿಸಲು ನಾಲ್ಕು ದಾರಿಗಳಿವೆ.

ಒಂದು, ನಡುವೆ ಪೂರ್ಣವಿರಾಮ: ‘ಇಟ್ ವಾಸ್ ರೇನಿಂಗ್. ದಿ ಬಸ್ ಡಿಡ್ ನಾಟ್ ಕಮ್.’ ಎರಡು, ಅಲ್ಪವಿರಾಮದೊಡನೆ ಒಂದು ಕೂಡಿಸುವ ಪದ: ‘ಇಟ್ ವಾಸ್ ರೇನಿಂಗ್, ಅಂಡ್ ದಿ ಬಸ್ ಡಿಡ್ ನಾಟ್ ಕಮ್.’ ಮೂರು, ಅರ್ಧವಿರಾಮ: ‘ಇಟ್ ವಾಸ್ ರೇನಿಂಗ್; ದಿ ಬಸ್ ಡಿಡ್ ನಾಟ್ ಕಮ್.’ ನಾಲ್ಕು, ಒಂದನ್ನು ಇನ್ನೊಂದಕ್ಕೆ ಅಧೀನ ಮಾಡುವುದು: ‘ಆ್ಯಸ್ ಇಟ್ ವಾಸ್ ರೇನಿಂಗ್, ದಿ ಬಸ್ ಡಿಡ್ ನಾಟ್ ಕಮ್.’ ನಾಲ್ಕನೆಯದೇ ಕನ್ನಡದ ‘ಬರುತ್ತಿದ್ದು’ ಎಂಬುದಕ್ಕೆ ಸಮೀಪವಾದದ್ದು; ಮಳೆಯೇ ಕಾರಣವೆಂಬುದನ್ನೂ ಅದು ಸ್ಪಷ್ಟಪಡಿಸುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಒಂದುಂಟು. ‘ನಾನು ತಡವಾಗಿ ಬಂದೆ. ಏಕೆಂದರೆ ಬಸ್ಸು ಕೆಟ್ಟಿತ್ತು.’ ಕನ್ನಡದಲ್ಲಿ ಇವೆರಡೂ ಪೂರ್ಣ ವಾಕ್ಯಗಳು. ‘ಏಕೆಂದರೆ’ ಎಂದು ಹೊಸ ವಾಕ್ಯವನ್ನು ತೊಡಗುವುದು ನಮ್ಮಲ್ಲಿ ಸಹಜ. ಆದರೆ ‘ಬಿಕಾಸ್ ದಿ ಬಸ್ ಹ್ಯಾಡ್ ಬ್ರೋಕನ್ ಡೌನ್’ ಎಂಬುದು ಇಂಗ್ಲಿಷಿನಲ್ಲಿ ಅರ್ಧ ವಾಕ್ಯ. ಹಿಂದಿನದಕ್ಕೆ ಅಂಟಿಕೊಂಡೇ ಇರಬೇಕು. ‘ಏಕೆಂದರೆ’ ಎಂಬುದು ಬಾಗಿಲು ತೆರೆಯುವ ಪದ. ‘ಬಿಕಾಸ್’ ಎಂಬುದು ಕೈಹಿಡಿದು ಬರುವ ಪದ. ‘ಆಲ್ದೋ’, ‘ವೆನ್’, ‘ಇಫ್’ ಮುಂತಾದುವಕ್ಕೂ ಇದೇ ನಿಯಮ.

ಪೂರ್ಣವಿರಾಮದ ಜೊತೆಯಲ್ಲಿಯೇ ದೊಡ್ಡಕ್ಷರದ ಮಾತು ಬರುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲವಾದುದರಿಂದ ಕೈ ಇದನ್ನು ಮರೆಯುವುದು ಸಹಜ. ವಾಕ್ಯದ ಮೊದಲ ಅಕ್ಷರ, ವ್ಯಕ್ತಿಗಳ ಮತ್ತು ಊರುಗಳ ಹೆಸರು, ವಾರ ಮತ್ತು ತಿಂಗಳ ಹೆಸರು, ಭಾಷೆಗಳ ಹೆಸರು, ‘ನಾನು’ ಎಂಬ ಅರ್ಥದ ಒಂಟಿ ‘ಐ’, ಇವಿಷ್ಟು ತಪ್ಪದೆ ದೊಡ್ಡಕ್ಷರದಲ್ಲಿರಬೇಕು. ಋತುಗಳ ಹೆಸರಿಗೆ ಬೇಡ.

ಅಲ್ಪವಿರಾಮ

ಅಲ್ಪವಿರಾಮದ ಉಪಯೋಗಗಳು ಹಲವು. ಅವುಗಳಲ್ಲಿ ಮೂರನ್ನು ಚೆನ್ನಾಗಿ ಅರಿತರೆ ನಮ್ಮ ಮಟ್ಟಿಗೆ ಸಾಕು.

ಮೊದಲನೆಯದು ಸಂಬೋಧನೆ. ‘ಕಾಲ್ ಮಿ, ರಾಜು’ ಎಂದರೆ ‘ರಾಜೂ, ನನ್ನನ್ನು ಕರೆ’ ಎಂದರ್ಥ. ‘ಕಾಲ್ ಮಿ ರಾಜು’ ಎಂದರೆ ‘ನನ್ನನ್ನು ರಾಜು ಎಂದು ಕರೆ’ ಎಂದರ್ಥ. ಪದಗಳು ಅವೇ, ಕ್ರಮವೂ ಅದೇ. ಒಂದು ಗೆರೆಯಿಂದ ಮನುಷ್ಯನೇ ಬದಲಾದನು. ಕನ್ನಡದಲ್ಲಿ ಈ ಗೊಂದಲ ಬರುವುದೇ ಇಲ್ಲ. ಮೊದಲನೆಯದರಲ್ಲಿ ಸ್ವರ ದೀರ್ಘವಾಗಿ ‘ರಾಜೂ’ ಆಯಿತು. ಎರಡನೆಯದರಲ್ಲಿ ‘ಎಂದು’ ಬಂತು. ನಮ್ಮ ಭಾಷೆಯಲ್ಲಿ ಪ್ರತ್ಯಯಗಳೂ ಅವ್ಯಯಗಳೂ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದಗಳ ಕ್ರಮವೂ ಚಿಹ್ನೆಗಳೂ ಹಂಚಿಕೊಂಡಿವೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚಿಹ್ನೆ ಅಲಂಕಾರವಲ್ಲ, ವ್ಯಾಕರಣ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ವಿಶೇಷಣ ವಾಕ್ಯ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಹುಬ್ಬಳ್ಳಿ ಈಸ್ ಎ ಟೀಚರ್’ ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ನನಗೆ ಹಲವರು ಅಣ್ಣಂದಿರಿದ್ದಾರೆ, ಅವರಲ್ಲಿ ಹುಬ್ಬಳ್ಳಿಯವನು ಉಪಾಧ್ಯಾಯ ಎಂಬ ಅರ್ಥ ಬರುತ್ತದೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಹುಬ್ಬಳ್ಳಿ, ಈಸ್ ಎ ಟೀಚರ್’ ಎಂದು ಎರಡು ಕಡೆ ಅಲ್ಪವಿರಾಮವಿಟ್ಟರೆ, ಇರುವವನು ಒಬ್ಬನೇ ಅಣ್ಣ, ಅವನು ಹುಬ್ಬಳ್ಳಿಯಲ್ಲಿರುವುದು ಬರಿಯ ಹೆಚ್ಚಿನ ಸುದ್ದಿ ಎಂಬ ಅರ್ಥ. ‘ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣ’ ಎಂಬ ಕನ್ನಡದ ಮಾತು ಎರಡಕ್ಕೂ ಹೊಂದುತ್ತದೆ. ಆದ್ದರಿಂದ ಈ ಭೇದವನ್ನು ನಾವು ಪ್ರಯತ್ನಪಟ್ಟೇ ಕಲಿಯಬೇಕು. ತೆಗೆದರೂ ಅರ್ಥ ಕೆಡದ ಮಾತನ್ನು ಎರಡು ಅಲ್ಪವಿರಾಮಗಳ ನಡುವೆ ಇಡುವುದು. ತೆಗೆದರೆ ಅರ್ಥ ಕೆಡುವ ಮಾತಿಗೆ ಒಂದನ್ನೂ ಇಡದಿರುವುದು. ಒಂದು ಕಡೆ ಇಟ್ಟು ಇನ್ನೊಂದು ಕಡೆ ಬಿಡುವುದು ಮಾತ್ರ ಯಾವ ಲೆಕ್ಕಕ್ಕೂ ಸರಿಯಲ್ಲ.

ಮೂರನೆಯದು ಪಟ್ಟಿ. ‘ರಾಮನೂ ಭೀಮನೂ ಸೋಮನೂ ಬಂದರು’ ಎಂಬಲ್ಲಿ ಪ್ರತಿಯೊಂದು ಹೆಸರಿಗೂ ‘ಊ’ ಸೇರಿ ಎಲ್ಲರನ್ನೂ ಬೇರೆ ಬೇರೆಯಾಗಿ ಎಣಿಸಿತು. ಇಂಗ್ಲಿಷಿನಲ್ಲಿ ಹೆಸರುಗಳ ನಡುವೆ ಅಲ್ಪವಿರಾಮ, ಕೊನೆಯದರ ಹಿಂದೆ ‘ಅಂಡ್’. ಆ ‘ಅಂಡ್’ ಎಂಬುದರ ಹಿಂದೆಯೂ ಅಲ್ಪವಿರಾಮ ಬೇಕೆ ಎಂಬುದು ಇಂಗ್ಲಿಷರಲ್ಲಿಯೇ ತೀರದ ಜಗಳ. ಎರಡೂ ರೂಢಿಯಲ್ಲಿವೆ, ಒಂದು ಬರಹದಲ್ಲಿ ಒಂದೇ ಕ್ರಮವನ್ನು ಪಾಲಿಸಿದರೆ ಸರಿ, ಅರ್ಥ ಸಂದಿಗ್ಧವಾಗುವ ಕಡೆ ಮಾತ್ರ ಇಡುವುದೇ ಕ್ಷೇಮ.

ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿ ಹೆಚ್ಚುವರಿ ಹೊತ್ತಿನ ದುಡಿಮೆಗೆ ಹೆಚ್ಚು ವೇತನ ಕೊಡಬೇಕೆಂಬ ಕಾನೂನಿತ್ತು. ಕೆಲವು ಕೆಲಸಗಳಿಗೆ ವಿನಾಯಿತಿಯೂ ಇತ್ತು. ವಿನಾಯಿತಿಯ ಪಟ್ಟಿಯ ಕೊನೆಯಲ್ಲಿ ‘ಸಾಗಣೆ ಅಥವಾ ವಿತರಣೆಗಾಗಿ ಕಟ್ಟುವುದು’ ಎಂಬ ಭಾವದ ಮಾತು ಅಲ್ಪವಿರಾಮವಿಲ್ಲದೆ ಬಂದಿತ್ತು. ವಿತರಣೆಯೇ ಒಂದು ಪ್ರತ್ಯೇಕ ಕೆಲಸವೋ, ವಿತರಣೆಗಾಗಿ ಕಟ್ಟುವುದು ಕೆಲಸವೋ? ಹಾಲಿನ ಕಂಪನಿಯೊಂದರ ಲಾರಿ ಚಾಲಕರು ಹಾಲನ್ನು ಹಂಚುತ್ತಿದ್ದರೇ ಹೊರತು ಕಟ್ಟುತ್ತಿರಲಿಲ್ಲ. ವಿನಾಯಿತಿ ತಮಗೆ ತಗಲುವುದಿಲ್ಲವೆಂದು ಅವರು ವಾದಿಸಿದರು. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯ ಮಾತು ಸಂದಿಗ್ಧವೆಂದು ಒಪ್ಪಿ ಚಾಲಕರ ಪರವಾಗಿ ತೀರ್ಪು ಕೊಟ್ಟಿತು. 2018ರಲ್ಲಿ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ತೀರ್ಪಿನ ಬಳಿಕ ಸಂಸ್ಥಾನದವರು ಆ ಪಟ್ಟಿಯನ್ನು ಅರ್ಧವಿರಾಮಗಳಿಂದ ಬೇರ್ಪಡಿಸಿ ತಿದ್ದಿದರು.

ಇದಕ್ಕಿಂತ ದಾರುಣವಾದದ್ದು ಐರಿಷ್ ದೇಶಭಕ್ತ ರೋಜರ್ ಕೇಸ್ಮೆಂಟನ ಕಥೆ. 1916ರಲ್ಲಿ ಲಂಡನ್ನಿನಲ್ಲಿ ಅವನ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಆಧಾರ, ನಾರ್ಮನ್ ಫ್ರೆಂಚ್ ಭಾಷೆಯಲ್ಲಿದ್ದ 1351ರ ಶಾಸನ. ಅವನು ಮಾಡಿದನೆಂದು ಹೇಳಿದ ಕಾರ್ಯ ನಡೆದದ್ದು ಜರ್ಮನಿಯಲ್ಲಿ. ರಾಜ್ಯದ ಹೊರಗೆ ನಡೆದ ಕಾರ್ಯಕ್ಕೆ ಆ ಶಾಸನ ಅನ್ವಯಿಸುತ್ತದೆಯೆ ಎಂಬುದು, ಅದರ ಒಂದು ವಾಕ್ಯವನ್ನು ಎಲ್ಲಿ ಒಡೆದು ಓದಬೇಕೆಂಬುದರ ಮೇಲೆ ನಿಂತಿತು. ನ್ಯಾಯಾಧೀಶರು ಅವನಿಗೆ ವಿರುದ್ಧವಾಗಿ ಓದಿದರು. 1916ರ ಆಗಸ್ಟ್ 3ರಂದು ಅವನನ್ನು ಗಲ್ಲಿಗೇರಿಸಿದರು. ಅಲ್ಪವಿರಾಮಕ್ಕೆ ನೇಣು ಹಾಕಿದರು ಎಂಬ ಮಾತು ಅಂದಿನಿಂದ ಉಳಿದುಬಂದಿದೆ.

ಮಿಕ್ಕ ಚಿಹ್ನೆಗಳು

ಅರ್ಧವಿರಾಮ ಎರಡು ಪೂರ್ಣ ವಾಕ್ಯಗಳನ್ನು, ಅವುಗಳ ಸಂಬಂಧ ನಿಕಟವಾಗಿದ್ದಾಗ, ಕೂಡಿಸುತ್ತದೆ. ‘ಹೌಎವರ್’, ‘ದೇರ್‌ಫೋರ್’ ಎಂಬ ಪದಗಳು ಎರಡು ವಾಕ್ಯಗಳ ನಡುವೆ ಬಂದಾಗ ಅವುಗಳ ಹಿಂದೆ ಅಲ್ಪವಿರಾಮ ಸಾಲದು. ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ಕೋಲನ್ ಎಂಬುದು ‘ಇಗೋ ನೋಡಿ’ ಎಂದು ಕೈ ತೋರಿಸುವ ಚಿಹ್ನೆ. ಅದರ ಹಿಂದಿನ ಮಾತು ತಾನೇ ಪೂರ್ಣವಾಗಿರಬೇಕು. ಮುಂದಿನದು ಅದರ ವಿವರಣೆಯೋ ಪಟ್ಟಿಯೋ ಆಗಿರಬೇಕು.

ಉದ್ಧರಣ ಚಿಹ್ನೆಯಲ್ಲಿ ಕನ್ನಡಿಗರಿಗೆ ವಿಶೇಷವಾದ ಒಂದು ಅಪಾಯವಿದೆ. ‘ರಾಮನು ನಾನು ಬರುತ್ತೇನೆ ಎಂದನು’ ಎಂಬಲ್ಲಿ ಬರುವವನು ರಾಮನೇ ಎಂಬುದು ನಮಗೆ ಗೊತ್ತು. ‘ಎಂದನು’ ಎಂಬುದೇ ಉದ್ಧರಣವನ್ನು ಮುಚ್ಚುವ ಚಿಹ್ನೆ. ಇದನ್ನು ‘ರಾಮ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವನು ರಾಮನಲ್ಲ, ಬರೆಯುವ ನಾನು! ಒಂದೋ ರಾಮನ ಮಾತನ್ನು ಉದ್ಧರಣ ಚಿಹ್ನೆಯೊಳಗಿಟ್ಟು ‘ರಾಮ ಸೆಡ್, “ಐ ವಿಲ್ ಕಮ್”’ ಎನ್ನಬೇಕು; ಇಲ್ಲವೆ ‘ರಾಮ ಸೆಡ್ ದಟ್ ಹಿ ವುಡ್ ಕಮ್’ ಎಂದು ಪರೋಕ್ಷಕ್ಕೆ ತಿರುಗಿಸಬೇಕು. ಪ್ರಶ್ನಾರ್ಥಕ ಚಿಹ್ನೆಗೂ ಇದೇ ವಿವೇಕ ಬೇಕು. ‘ಐ ಆಸ್ಕ್ಡ್ ಹಿಮ್ ವೈ ಹಿ ಹ್ಯಾಡ್ ಕಮ್’ ಎಂಬುದು ಪ್ರಶ್ನೆಯ ವರದಿ, ಪ್ರಶ್ನೆಯಲ್ಲ; ಕೊನೆಯಲ್ಲಿ ಪೂರ್ಣವಿರಾಮವೇ ಸರಿ.

ಲೋಪಚಿಹ್ನೆಯ ಕೆಲಸ ಎರಡು: ಬಿಟ್ಟ ಅಕ್ಷರವನ್ನು ತೋರಿಸುವುದು, ನಾಮಪದಕ್ಕೆ ಷಷ್ಠಿಯ ಅರ್ಥ ಕೊಡುವುದು. ‘ಇದರ’ ಎಂಬರ್ಥದ ‘ಇಟ್ಸ್’ ಸರ್ವನಾಮ. ‘ಹಿಸ್’, ‘ಹರ್ಸ್’, ‘ಅವರ್ಸ್’ ಎಂಬ ಸರ್ವನಾಮಗಳಿಗೆ ಲೋಪಚಿಹ್ನೆ ಇಲ್ಲದಿರುವಂತೆ ಇದಕ್ಕೂ ಇಲ್ಲ. ‘ಇಟ್ ಈಸ್’ ಎಂದೋ ‘ಇಟ್ ಹ್ಯಾಸ್’ ಎಂದೋ ಬಿಡಿಸಿ ಓದಬಹುದಾದರೆ ಮಾತ್ರ ಚಿಹ್ನೆ ಬರುತ್ತದೆ. ಭಾವಸೂಚಕ ಚಿಹ್ನೆಯನ್ನು ಕುರಿತು ಒಂದೇ ಮಾತು: ಪರೀಕ್ಷೆಯ ಉತ್ತರದಲ್ಲಿ ಅದರ ಅವಶ್ಯಕತೆ ಬೀಳುವುದು ತೀರ ಅಪೂರ್ವ, ಬಿದ್ದರೂ ಒಂದು ಸಾಕು, ಮೂರು ಬೇಡ.

ವಾಕ್ಯವೃಂದ

ಪ್ಯಾರಾಗ್ರಾಫ್ ಎಂಬ ಪದವೂ ಗ್ರೀಕಿನದೇ. ಬರವಣಿಗೆಯ ಪಕ್ಕದಲ್ಲಿ ಎಳೆದ ಗೆರೆ ಎಂಬುದು ಅದರ ಮೂಲಾರ್ಥ. ವಿಷಯ ಬದಲಾದ ಕಡೆ ಅಂಚಿನಲ್ಲಿ ಒಂದು ಚಿಕ್ಕ ಗೆರೆ ಎಳೆಯುತ್ತಿದ್ದರು. ಕಾಲಕ್ರಮದಲ್ಲಿ ಗೆರೆ ಹೋಗಿ, ಹೊಸ ಸಾಲನ್ನು ಸ್ವಲ್ಪ ಒಳಗಿನಿಂದ ತೊಡಗುವ ಪದ್ಧತಿ ಬಂತು. ವಾಕ್ಯವೃಂದಕ್ಕೆ ಕ್ರಮವಾದ ಶಾಸ್ತ್ರ ರಚಿಸಿದವನು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಅಲೆಗ್ಸಾಂಡರ್ ಬೇಯ್ನ್. 1866ರಲ್ಲಿ ಹೊರಬಂದ ಅವನ ಪ್ರಬಂಧ ರಚನೆಯ ಗ್ರಂಥದಲ್ಲಿ ಅದಿದೆ. ಒಂದು ವೃಂದಕ್ಕೆ ಒಂದೇ ವಿಷಯ, ಆ ವಿಷಯವನ್ನು ಆರಂಭದಲ್ಲಿಯೇ ಸೂಚಿಸುವುದು, ವಾಕ್ಯದಿಂದ ವಾಕ್ಯಕ್ಕೆ ಸಂಬಂಧ ಕಾಣುವಂತಿರುವುದು ಎಂಬಿವು ಅವನು ಹೇಳಿದ ಸೂತ್ರಗಳಲ್ಲಿ ಮುಖ್ಯವಾದವು. ಇಂದಿನ ಇಂಗ್ಲಿಷ್ ಪಠ್ಯಗಳೂ ಬಹುಮಟ್ಟಿಗೆ ಇವನ್ನೇ ಹೇಳುತ್ತವೆ.

ಇಲ್ಲಿಯೂ ಎರಡು ಭಾಷೆಗಳ ಸ್ವಭಾವ ಬೇರೆ ಎಂದು ನನ್ನ ಭಾವನೆ. ಕನ್ನಡದ ವಾಕ್ಯದಲ್ಲಿ ಮುಖ್ಯವಾದ ಕ್ರಿಯೆ ಕೊನೆಯಲ್ಲಿ. ನಾವು ಮಾತನಾಡುವ ರೀತಿಯೂ ಹಾಗೆಯೇ. ಮನೆಗೆ ಬಂದವರು ಮೊದಲು ಮಳೆಬೆಳೆ ವಿಚಾರಿಸಿ, ಮಕ್ಕಳ ಕ್ಷೇಮ ಕೇಳಿ, ಕಾಫಿ ಕುಡಿದು, ಎದ್ದು ಹೊರಡುವಾಗ ಬಂದ ಕೆಲಸವನ್ನು ಹೇಳುತ್ತಾರೆ. ಅದು ನಮ್ಮ ಮರ್ಯಾದೆ. ಇಂಗ್ಲಿಷಿನ ವಾಕ್ಯವೃಂದ ಬಂದ ಕೆಲಸವನ್ನು ಬಾಗಿಲಲ್ಲಿಯೇ ಹೇಳಿಬಿಡುತ್ತದೆ; ಕಾರಣಗಳನ್ನೂ ನಿದರ್ಶನಗಳನ್ನೂ ಆಮೇಲೆ ಕೊಡುತ್ತದೆ. ಒಂದು ಮೇಲು ಇನ್ನೊಂದು ಕೀಳು ಎಂದಲ್ಲ. ಯಾರ ಮನೆಗೆ ಹೋದೆವೋ ಅವರ ರೀತಿಯಲ್ಲಿ ನಡೆದುಕೊಳ್ಳಬೇಕು.

ಇದರ ಬೆಲೆ ನನಗೆ ಸ್ಪಷ್ಟವಾದದ್ದು ಒಂದು ಅರ್ಜಿಯಿಂದ. ನಮ್ಮ ಸಹಪಾಠಿಯೊಬ್ಬರು ಚರಿತ್ರೆಯಲ್ಲಿ ಎಂ.ಎ. ಓದಲು ಹೊರರಾಜ್ಯದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕುವವರಿದ್ದರು. ತಮ್ಮ ವಿಷಯವಾಗಿ ಒಂದು ಪುಟ ಇಂಗ್ಲಿಷಿನಲ್ಲಿ ಬರೆದುಕೊಡಬೇಕಾಗಿತ್ತು. ಆಕೆಯ ತಂದೆತಾಯಿಗಳು ಕೂಲಿ ಮಾಡುವವರು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆಕೆಯೇ ಮೊದಲಿಗರು. ಬರೆದದ್ದು ಇಪ್ಪತ್ತೆರಡು ಸಾಲು, ಒಂದೇ ಗಡ್ಡೆ. ಹುಟ್ಟಿದ ಊರು, ತಂದೆಯ ಕಷ್ಟ, ಓದಿದ ಶಾಲೆ, ಉಪಕಾರ ಮಾಡಿದ ಉಪಾಧ್ಯಾಯರು, ದೊರೆತ ಅಂಕಗಳು, ಎಲ್ಲವೂ ಅಲ್ಪವಿರಾಮಗಳಿಂದ ಹೆಣೆದುಕೊಂಡು ಬಂದು, ಹದಿನೇಳನೆಯ ಸಾಲಿನಲ್ಲಿ ನಿಜವಾದ ವಿಷಯವಿತ್ತು: ನಮ್ಮ ತಾಲ್ಲೂಕಿನ ಕೆರೆಗಳ ಬಳಿಯಿರುವ ಕಲ್ಲುಶಾಸನಗಳನ್ನು ಆಕೆ ತಾವೇ ನಡೆದು ಹೋಗಿ ನೋಡಿದ್ದರು, ಕೆರೆಗಳನ್ನು ಯಾರು ಕಟ್ಟಿಸಿದರು, ಯಾರು ಕಾಪಾಡಿದರು ಎಂಬುದನ್ನು ಓದಬೇಕೆಂದಿದ್ದರು. ನೂರಾರು ಅರ್ಜಿಗಳನ್ನು ಓದುವವರು ಹದಿನೇಳನೆಯ ಸಾಲಿನವರೆಗೆ ಬರುತ್ತಾರೆಂಬ ಭರವಸೆ ಏನು?

ನಾವು ಮೂವರು ಕುಳಿತು ಅದನ್ನು ಬಿಡಿಸಿದೆವು. ಹೊಸ ವಿಷಯ ಒಂದನ್ನೂ ಸೇರಿಸಲಿಲ್ಲ. ಮೊದಲ ವೃಂದದಲ್ಲಿ ಏನನ್ನು ಓದಬೇಕೆಂದಿದ್ದಾರೆ ಎಂಬುದು. ಅದರ ಮೊದಲ ವಾಕ್ಯವೇ ಕೆರೆಗಳ ಶಾಸನಗಳನ್ನು ಕುರಿತದ್ದು. ಎರಡನೆಯದರಲ್ಲಿ ಇದುವರೆಗೆ ಏನು ಮಾಡಿದ್ದಾರೆ ಎಂಬುದು: ನೋಡಿದ ಕಲ್ಲುಗಳು, ಹಳಗನ್ನಡದ ಅಭ್ಯಾಸ, ಅಂಕಗಳು. ಮೂರನೆಯದರಲ್ಲಿ ಎಲ್ಲಿಂದ ಬಂದವರು, ಓದಿದ ಮೇಲೆ ಏನು ಮಾಡಬೇಕೆಂದಿದ್ದಾರೆ ಎಂಬುದು. ತಂದೆಯ ಕಷ್ಟದ ಮಾತು ಅಲ್ಲಿಗೆ ಬಂದಾಗ ಅದು ಕನಿಕರ ಬೇಡುವ ಮಾತಾಗಿರದೆ, ದೂರ ನಡೆದು ಬಂದವರ ಮಾತಾಗಿ ಕಂಡಿತು. ಉದ್ದವಾದ ಆರು ವಾಕ್ಯಗಳು ಹದಿನಾಲ್ಕು ಚಿಕ್ಕ ವಾಕ್ಯಗಳಾದುವು. ಅರ್ಜಿ ಹೋಯಿತು, ಸಂದರ್ಶನಕ್ಕೆ ಕರೆಯೂ ಬಂತು. ಅದನ್ನು ವಾಕ್ಯವೃಂದದ ಮಹಿಮೆಯೆಂದು ನಾನು ಹೇಳಲಾರೆ. ಕರೆ ಬಂದದ್ದು ಆಕೆಯ ಕೆಲಸಕ್ಕೆ. ಆದರೆ ಆ ಕೆಲಸ ಓದುವವರ ಕಣ್ಣಿಗೆ ಬೀಳುವಂತೆ ಮಾಡಿದ್ದು ಮೂರು ಕಡೆ ಒಳಸರಿದು ತೊಡಗಿದ ಸಾಲುಗಳು.

ವೃಂದದ ಉದ್ದ ಎಷ್ಟಿರಬೇಕೆಂಬುದಕ್ಕೆ ಕಟ್ಟುನಿಟ್ಟಾದ ಲೆಕ್ಕವಿಲ್ಲ. ವಿಷಯ ಮುಗಿದಾಗ ವೃಂದ ಮುಗಿಯಬೇಕು. ಪ್ರತಿ ವಾಕ್ಯಕ್ಕೂ ಹೊಸ ಸಾಲು ಹಿಡಿದರೆ ಅದು ಅಂಗಡಿಯ ಚೀಟಿಯಾಗುತ್ತದೆ. ಎರಡು ಪುಟಕ್ಕೂ ಒಂದೇ ವೃಂದವಾದರೆ ಬಾಗಿಲಿಲ್ಲದ ಕಣಜವಾಗುತ್ತದೆ. ಕಥೆಯಲ್ಲಿ ಸಂಭಾಷಣೆ ಬಂದಾಗ, ಮಾತನಾಡುವವರು ಬದಲಾದಂತೆಲ್ಲ ಹೊಸ ವೃಂದ ಹಿಡಿಯುವುದು ಇಂಗ್ಲಿಷಿನ ರೂಢಿ.

ಅಭ್ಯಾಸದ ಕ್ರಮ

ನಿಯಮಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಪ್ರಯೋಜನ ಕಂಡ ಮೂರು ಅಭ್ಯಾಸಗಳನ್ನು ಹೇಳುತ್ತೇನೆ.

ಒಂದು: ಪಠ್ಯಪುಸ್ತಕದ ಗದ್ಯದಿಂದ ಹತ್ತು ಸಾಲನ್ನು ಒಬ್ಬರು ಚಿಹ್ನೆಗಳನ್ನೂ ದೊಡ್ಡಕ್ಷರಗಳನ್ನೂ ಬಿಟ್ಟು ನಕಲು ಮಾಡುವುದು, ಮತ್ತೊಬ್ಬರು ಅವನ್ನು ತುಂಬುವುದು, ಬಳಿಕ ಮೂಲದೊಡನೆ ಹೋಲಿಸುವುದು. ಇದು ಹಳಗನ್ನಡದ ಪದಚ್ಛೇದದ ತಮ್ಮ. ಮೂಲದಂತೆಯೇ ಬರಬೇಕೆಂದಿಲ್ಲ, ಎಲ್ಲಿ ಭೇದವಾಯಿತೋ ಅಲ್ಲಿ ಅರ್ಥವೂ ಬದಲಾಯಿತೆ ಎಂದು ಚರ್ಚಿಸುವುದೇ ಪಾಠ.

ಎರಡು: ತಾನು ಬರೆದ ಪುಟದಲ್ಲಿ ಪೂರ್ಣಕ್ರಿಯಾಪದಗಳ ಕೆಳಗೆಲ್ಲ ಗೆರೆ ಎಳೆಯುವುದು. ಎರಡು ಪೂರ್ಣವಿರಾಮಗಳ ನಡುವೆ ಒಂದೂ ಗೆರೆಯಿಲ್ಲದಿದ್ದರೆ ಅದು ವಾಕ್ಯವಲ್ಲ. ಎರಡು ಮೂರು ಗೆರೆಗಳಿದ್ದರೆ ಅವುಗಳನ್ನು ಕೂಡಿಸುವ ಪದವೋ ಚಿಹ್ನೆಯೋ ಇದೆಯೆ ಎಂದು ನೋಡುವುದು.

ಮೂರು: ಪ್ರತಿ ವೃಂದದ ಪಕ್ಕದ ಅಂಚಿನಲ್ಲಿ ಅದರ ಸಾರವನ್ನು ಐದಾರು ಕನ್ನಡ ಪದಗಳಲ್ಲಿ ಬರೆಯುವುದು. ಸಾರ ಹೇಳಲು ‘ಮತ್ತು’ ಎಂಬುದು ಬೇಕಾದರೆ ವೃಂದವನ್ನು ಅಲ್ಲಿ ಒಡೆಯಬಹುದು. ಎರಡು ವೃಂದಗಳಿಗೆ ಒಂದೇ ಸಾರ ಬಂದರೆ ಅವನ್ನು ಕೂಡಿಸಬಹುದು.

ಈಗ ಮೊಬೈಲು ತಾನಾಗಿಯೇ ದೊಡ್ಡಕ್ಷರ ಹಾಕುತ್ತದೆ, ಗಣಕಯಂತ್ರ ಅಲ್ಪವಿರಾಮವನ್ನು ಸೂಚಿಸುತ್ತದೆ, ಹೀಗಿರುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಪರೀಕ್ಷೆಯ ಕೊಠಡಿಯಲ್ಲಿ ನಮ್ಮೊಡನಿರುವುದು ಲೇಖನಿ ಮಾತ್ರ ಎಂಬುದು ಒಂದು ಉತ್ತರ. ಇನ್ನೂ ಮುಖ್ಯವಾದ ಉತ್ತರ ಬೇರೆ ಇದೆ. ನಮಗೆ ಅಣ್ಣ ಒಬ್ಬನೋ ಹಲವರೋ ಎಂಬುದು ಯಂತ್ರಕ್ಕೆ ತಿಳಿಯದು. ಇಪ್ಪತ್ತೆರಡು ಸಾಲುಗಳಲ್ಲಿ ಯಾವುದು ನಮ್ಮ ಹೃದಯಕ್ಕೆ ಹತ್ತಿರವಾದದ್ದೆಂಬುದೂ ತಿಳಿಯದು. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಂದಿಡಬೇಕು ಎಂದು ಗೊತ್ತುಮಾಡತಕ್ಕವರು ಬರೆಯುವವರೇ.

ನಮ್ಮ ಹಿರಿಯರು ಕಲ್ಲಿನ ಮೇಲೆ ಬಿಡುವಿಲ್ಲದೆ ಕೊರೆದದ್ದನ್ನು ಶತಮಾನಗಳ ಮೇಲೆ ವಿದ್ವಾಂಸರು ಕುಳಿತು ಬಿಡಿಸಿ ಓದುತ್ತಾರೆ. ಆ ಬರಹಕ್ಕೆ ಅಷ್ಟು ತಾಳ್ಮೆಯ ಓದುಗರು ದೊರೆತರು. ನಮ್ಮ ಉತ್ತರಪತ್ರಿಕೆಗೆ ದೊರೆಯುವುದು ಕೆಲವು ನಿಮಿಷ, ಅರ್ಜಿಗೆ ಅದಕ್ಕಿಂತಲೂ ಕಡಿಮೆ. ಅಷ್ಟರೊಳಗೆ ನಮ್ಮ ಮಾತು ಮುಟ್ಟಬೇಕಾದರೆ ದಾರಿಯನ್ನು ನಾವೇ ಹಸನು ಮಾಡಿಕೊಡಬೇಕು. ಒಂದು ಪುಟ, ಒಬ್ಬ ಗೆಳೆಯ, ಒಂದು ಸೀಸದ ಕಡ್ಡಿ ಇದ್ದರೆ ಈ ಸಂಜೆಯೇ ತೊಡಗಬಹುದು.